ಮಕ್ಕಳಿಗೆ ಗೌರವ ಕಲಿಸುವುದೆಂದರೆ ಯಾರನ್ನು ಗೌರವಿಸಲು ಕಲಿಸುವುದು?

ಪ್ರೌಢಶಾಲಾ ಶಿಕ್ಷಕಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾಲ್ಕು ಜನ ಶಿಕ್ಷಕರು ಸೇರಿದ ಕಡೆಯಲ್ಲೆಲ್ಲ ಈಗ ಒಂದೇ ಮಾತು ಕೇಳಿಬರುತ್ತಿದೆ: ಮಕ್ಕಳಿಗೆ ಗುರುಹಿರಿಯರೆಂಬ ಭಯಭಕ್ತಿ ಉಳಿದಿಲ್ಲ. 2021ರ ಡಿಸೆಂಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹಿಂದಿ ಶಿಕ್ಷಕರ ತಲೆಯ ಮೇಲೆ ವಿದ್ಯಾರ್ಥಿಗಳು ಕಸದ ಬುಟ್ಟಿ ಕವುಚಿದ ವಿಡಿಯೊ ರಾಜ್ಯದಾದ್ಯಂತ ಹರಿದಾಡಿತ್ತು. ಅದನ್ನು ನೋಡಿದ ಶಿಕ್ಷಕರಾರಿಗೂ ಮರೆಯಲು ಸಾಧ್ಯವಾಗಿಲ್ಲ, ನನಗೂ ಆಗಿಲ್ಲ. ಅಂಥ ಘಟನೆ ನಡೆದಾಗಲೆಲ್ಲ ಬೆತ್ತವನ್ನು ಮರಳಿ ತರಬೇಕೆಂಬ ಕೂಗು ಏಳುತ್ತದೆ, ಮೌಲ್ಯಶಿಕ್ಷಣದ ಅವಧಿಯನ್ನು ಹೆಚ್ಚಿಸಬೇಕೆಂಬ ಸಲಹೆ ಬರುತ್ತದೆ, ಒಂದು ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ತಣ್ಣಗಾಗುತ್ತದೆ.

ನಾನು ಹೇಳಬೇಕೆಂದಿರುವುದು ಸ್ವಲ್ಪ ಬೇರೆ. ನಾನು ತರಗತಿಯೊಳಗೆ ಕಾಲಿಟ್ಟ ಕೂಡಲೇ ಎದ್ದು ನಿಂತು ಒಂದೇ ದನಿಯಲ್ಲಿ ನಮಸ್ತೆ ಹೇಳುವ ಅದೇ ಮಕ್ಕಳು ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಹೇಗಿರುತ್ತಾರೆ ಎಂಬುದನ್ನು ಗಮನಿಸುತ್ತ ಬಂದಿದ್ದೇನೆ. ಸಾರಿನ ಪಾತ್ರೆಯ ಮುಂದೆ ಬೆವರೊರೆಸಿಕೊಳ್ಳುತ್ತ ನಿಂತ ಅಡುಗೆಯಮ್ಮ ತಮ್ಮ ಅಜ್ಜಿಯ ವಯಸ್ಸಿನವರು. ಆದರೂ ತಟ್ಟೆಯನ್ನು ಅವರ ಮುಖದ ಹತ್ತಿರಕ್ಕೆ ಚಾಚಿ, 'ಏಯ್, ಸರಿಯಾಗಿ ಹಾಕು' ಎಂದು ಗದರುವ ಹುಡುಗರಿದ್ದಾರೆ. ಹಾಗೆ ಗದರಿದವನು ಕೈ ತೊಳೆದು ಬರುವಾಗ ಎದುರಿಗೆ ನಾನು ಸಿಕ್ಕರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಾನೆ. ಇವನಿಗೆ ಗೌರವ ಗೊತ್ತಿಲ್ಲವೆಂದು ಹೇಳಲಾದೀತೇ? ಯಾರಿಂದ ತನಗೆ ಅಂಕ ಬರುತ್ತದೆ, ಯಾರು ಮನೆಗೆ ದೂರು ಕಳಿಸಬಲ್ಲರು, ಯಾರಿಂದ ಏನೂ ಆಗಲಾರದು ಎಂಬ ಲೆಕ್ಕ ಅವನಿಗೆ ಚೆನ್ನಾಗಿ ತಿಳಿದಿದೆ. ಆ ಲೆಕ್ಕವನ್ನು ಅವನಿಗೆ ಕಲಿಸಿದವರು ನಾವು ದೊಡ್ಡವರು. ಏಕೆಂದರೆ ಆ ಅಡುಗೆಯಮ್ಮನನ್ನು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದನ್ನು ಯಾವ ಮಗುವೂ ಕಂಡಿಲ್ಲ.

ಮಗುವಿನ ಗೌರವದ ಪಾಠ ಶಿಕ್ಷಕರಿಂದ ಆರಂಭವಾಗಬಾರದು. ತನಗಿಂತ ದುರ್ಬಲ ಸ್ಥಾನದಲ್ಲಿರುವವರಿಂದ, ಅಂದರೆ ಅಡುಗೆಯವರು, ಜವಾನ, ಕಿರಿಯ ತರಗತಿಯ ಮಗು, ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಸಹಪಾಠಿ ಇಂಥವರಿಂದ ಆರಂಭವಾಗಬೇಕು. ಅಲ್ಲಿ ಅದು ನೆಲೆಗೊಂಡರೆ ಶಿಕ್ಷಕರಿಗೆ ಸಲ್ಲಬೇಕಾದದ್ದು ತಾನಾಗಿ ಸಲ್ಲುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಇದನ್ನು ದಿನನಿತ್ಯದ ಶಾಲಾ ಕೆಲಸದೊಳಗೆ ಹೇಗೆ ತರುವುದೆಂದು ನೀವೆಲ್ಲರೂ ನಿಮ್ಮ ಅನುಭವದಿಂದ ಹೇಳಬೇಕೆಂದು ಕೋರುತ್ತೇನೆ.

ನಿವೃತ್ತ ಮುಖ್ಯೋಪಾಧ್ಯಾಯ, ಶಿರಸಿ

ಮೇಡಂ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಅದರ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಎದ್ದು ನಿಲ್ಲುವುದು, ನಮಸ್ಕರಿಸುವುದು, ಹಿರಿಯರು ಮಾತನಾಡುವಾಗ ನಡುವೆ ಬಾಯಿ ಹಾಕದಿರುವುದು ಇವೆಲ್ಲ ಕೇವಲ ತೋರಿಕೆ ಎಂಬ ಭಾವನೆ ನಿಮ್ಮ ಬರಹದಿಂದ ಓದುಗರಿಗೆ ಬರಬಾರದು. ಆರು ವರ್ಷದ ಮಗುವಿಗೆ ಗೌರವವೆಂದರೇನೆಂದು ವಿವರಿಸಿದರೆ ಅರ್ಥವಾಗುವುದಿಲ್ಲ. ಅದು ಮೊದಲು ಕೈ ಜೋಡಿಸುವುದನ್ನು ಕಲಿಯುತ್ತದೆ, ಅದರ ಹಿಂದಿನ ಭಾವ ವರ್ಷಗಳು ಕಳೆದಂತೆ ತುಂಬಿಕೊಳ್ಳುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬೆತ್ತದ ವಿಚಾರದಲ್ಲಿ ಮಾತ್ರ ನನ್ನದು ಖಚಿತವಾದ ನಿಲುವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಹೊಡೆಯಬಾರದೆಂಬ ಭಾಗ ಎಲ್ಲರಿಗೂ ನೆನಪಿದೆ, ಎರಡನೆಯ ಭಾಗವನ್ನು ಬಹಳ ಮಂದಿ ಮರೆತಿದ್ದಾರೆ. ಉತ್ತರ ಪತ್ರಿಕೆಯನ್ನು ಮೇಜಿನ ಮೇಲಿಂದ ಎಸೆಯುವುದು, ತಂದೆಯ ಕಸುಬನ್ನು ಹೆಸರಿಸಿ ಹಂಗಿಸುವುದು, 'ನಿನ್ನ ತಲೆಗೆ ಇದು ಹೋಗುವುದಿಲ್ಲ, ಬಿಡು' ಎಂದು ನಲವತ್ತು ಮಕ್ಕಳ ಎದುರಿಗೆ ಹೇಳುವುದು ಇವೆಲ್ಲ ಆ ಎರಡನೆಯ ಭಾಗಕ್ಕೆ ಸೇರುತ್ತವೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದಾದರೆ ಮಕ್ಕಳು ನಮ್ಮ ಮಾತನ್ನು ಏಕೆ ನಂಬಬೇಕು?

ಒಂದು ಹಳೆಯ ಸಂಗತಿಯನ್ನು ಇಲ್ಲಿ ನೆನೆಯುವುದು ಉಚಿತ. ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಹೊರಟ ದಿನ ವಿದ್ಯಾರ್ಥಿಗಳು ಅವರ ಸಾರೋಟನ್ನು ಹೂವಿನಿಂದ ಸಿಂಗರಿಸಿ, ಕುದುರೆಗಳನ್ನು ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದೊಯ್ದರು. ಶಿಕ್ಷಕರ ದಿನದ ಭಾಷಣಗಳಲ್ಲಿ ಈ ಪ್ರಸಂಗವನ್ನು ಪ್ರತಿವರ್ಷ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೊಂದು ಅಂಶ: ಊರು ಬಿಟ್ಟು ಹೊರಟ ಪ್ರಾಧ್ಯಾಪಕರಿಂದ ಆ ಹುಡುಗರಿಗೆ ಇನ್ನು ಯಾವ ಪ್ರಯೋಜನವೂ ಇರಲಿಲ್ಲ. ನೀವು ಹೇಳಿದ ಲೆಕ್ಕಾಚಾರ ಅಲ್ಲಿ ನಡೆಯಲಿಲ್ಲ.

ಬಿ.ಎಡ್. ವಿದ್ಯಾರ್ಥಿನಿ, ಕಲಬುರಗಿ

ಗುರುಗಳೇ, ತಾವು ಮಾನಸಿಕ ಹಿಂಸೆಯ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ಬೋಧನಾಭ್ಯಾಸಕ್ಕೆಂದು ಹೋದ ಶಾಲೆಯಲ್ಲಿ ನಾನು ಕಣ್ಣಾರೆ ಕಂಡ ಒಂದು ಪದ್ಧತಿ ಇಂದಿಗೂ ನನ್ನನ್ನು ಕಾಡುತ್ತದೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಸಮಯ ಬಂದಾಗ ಶಿಕ್ಷಕರೊಬ್ಬರು ತರಗತಿಗೆ ಬಂದು, ಎಸ್‌ಸಿ ಮಕ್ಕಳೆಲ್ಲ ಎದ್ದು ನಿಲ್ಲಿ, ಆಮೇಲೆ ಎಸ್‌ಟಿ ಮಕ್ಕಳು ಎಂದು ಗಟ್ಟಿಯಾಗಿ ಕೂಗಿ ಎಣಿಸಿಕೊಂಡರು. ಅವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ಕೆಲಸ ಬೇಗ ಮುಗಿಯಬೇಕಿತ್ತು ಅಷ್ಟೇ. ಆದರೆ ಮೂರನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಅರ್ಧ ಎದ್ದು, ಪಕ್ಕದಲ್ಲಿ ಕುಳಿತ ಗೆಳತಿಯ ಮುಖ ನೋಡಿ, ಮತ್ತೆ ಕುಳಿತುಬಿಟ್ಟಳು. ಅವಳು ಆ ವರ್ಷ ಅರ್ಜಿ ಹಾಕಲೇ ಇಲ್ಲವೆಂದು ನನಗೆ ನಂತರ ತಿಳಿಯಿತು.

ಸಮಾನತೆಯ ಕುರಿತು ಆ ತರಗತಿಯಲ್ಲಿ ಎಂಥ ಸೊಗಸಾದ ಪಾಠ ಮಾಡಿದರೂ ಆ ಕ್ಷಣ ಕಲಿಸಿದ್ದನ್ನು ಅಳಿಸಲಾಗದು. ಡಾ. ಅಂಬೇಡ್ಕರ್ ಅವರು ಸಾತಾರಾದ ಶಾಲೆಯಲ್ಲಿ ಓದುವಾಗ ತಾವು ಕೂರುವ ಗೋಣಿತಟ್ಟನ್ನು ಮನೆಯಿಂದ ತಂದು, ಸಂಜೆ ಮನೆಗೆ ಹೊತ್ತೊಯ್ಯಬೇಕಿತ್ತು. ನೀರು ಕುಡಿಯಬೇಕಾದರೆ ಜವಾನನೇ ಮೇಲಿನಿಂದ ಸುರಿಯಬೇಕಿತ್ತು, ಜವಾನನಿಲ್ಲದ ದಿನ ನೀರಿಲ್ಲ. ಇಂದು ಗೋಣಿತಟ್ಟು ಹೋಗಿದೆ. ಆದರೂ ಎದ್ದು ನಿಲ್ಲಿಸಿ ಗುರುತಿಸುವ ಅಭ್ಯಾಸ ಅನೇಕ ಕಡೆ ಉಳಿದಿದೆ. ಇದಕ್ಕೆ ಪರಿಹಾರ ಕಷ್ಟದ್ದೇನೂ ಅಲ್ಲ. ಪ್ರತಿ ಮಗುವಿನ ವಿವರವೂ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯಾದ ಎಸ್‌ಎಟಿಎಸ್ ದತ್ತಾಂಶದಲ್ಲಿ ಇದ್ದೇ ಇರುತ್ತದೆ. ಪಟ್ಟಿಯನ್ನು ಕಚೇರಿಯಲ್ಲಿಯೇ ತೆಗೆದುಕೊಂಡು ಪೋಷಕರಿಗೆ ದೂರವಾಣಿಯಲ್ಲಿ ತಿಳಿಸಿದರೆ ಸಾಕು. ಶಾಲೆಯು ಮಗುವಿಗೆ ತೋರಿಸಬೇಕಾದ ಗೌರವದ ಮೊದಲ ಹೆಜ್ಜೆ ಇಂಥ ಕಚೇರಿ ಕೆಲಸಗಳಲ್ಲಿಯೇ ಇದೆ ಎಂದು ನಾನು ಭಾವಿಸುತ್ತೇನೆ.

ಪೋಷಕ ಹಾಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಮಂಡ್ಯ ಜಿಲ್ಲೆ

ಶಾಲೆಯವರ ತಪ್ಪುಗಳ ಬಗ್ಗೆ ಇಷ್ಟು ಹೇಳಿದ ಮೇಲೆ ಮನೆಯ ಬಗ್ಗೆಯೂ ಹೇಳಬೇಕು. ಮಗು ಶಾಲೆಯಲ್ಲಿರುವುದು ದಿನಕ್ಕೆ ಆರೇಳು ತಾಸು. ಉಳಿದ ಹೊತ್ತಿನಲ್ಲಿ ತಂದೆಯು ತಾಯಿಯನ್ನು ಹೇಗೆ ಮಾತನಾಡಿಸುತ್ತಾನೆ, ಗದ್ದೆ ಕೆಲಸಕ್ಕೆ ಬಂದ ಆಳಿಗೆ ಕಾಫಿಯನ್ನು ಯಾವ ಲೋಟದಲ್ಲಿ ಕೊಡುತ್ತಾರೆ ಎಂಬುದನ್ನೆಲ್ಲ ಅದು ನೋಡುತ್ತಲೇ ಇರುತ್ತದೆ. ಶಿಕ್ಷಕರ ಬಗ್ಗೆ ಮಕ್ಕಳ ಎದುರಿನಲ್ಲಿ ಹಗುರವಾಗಿ ಮಾತನಾಡುವ ಪೋಷಕರೂ ನಮ್ಮಲ್ಲಿ ಕಡಿಮೆಯಿಲ್ಲ.

ನನ್ನದೊಂದು ಸಲಹೆಯಿದೆ. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತಮ್ಮ ತರಗತಿ, ಕಾರಿಡಾರ್, ಶೌಚಾಲಯಗಳನ್ನು ಸ್ವಚ್ಛ ಮಾಡುತ್ತಾರೆ, ಶಿಕ್ಷಕರೂ ಜೊತೆಗೂಡುತ್ತಾರೆ. ಸ್ವಚ್ಛತೆಯ ಕೆಲಸ ಮಾಡುವವರ ಮೇಲೆ ಗೌರವ ಮೂಡಲು ಆ ಕೆಲಸವನ್ನು ತಾನೇ ಮಾಡುವುದಕ್ಕಿಂತ ಉತ್ತಮವಾದ ದಾರಿ ಯಾವುದಿದೆ? ನಮ್ಮಲ್ಲಿಯೂ ಇದನ್ನು ಆರಂಭಿಸಬಹುದಲ್ಲವೇ?

ಸಮಾಜ ವಿಜ್ಞಾನ ಶಿಕ್ಷಕ, ಕೋಲಾರ ಜಿಲ್ಲೆ

ಮಂಡ್ಯದ ಸ್ನೇಹಿತರ ಸದಾಶಯವನ್ನು ಗೌರವಿಸುತ್ತಲೇ ಈ ಸಲಹೆಗೆ ಎಚ್ಚರಿಕೆಯ ಮಾತೊಂದನ್ನು ಸೇರಿಸಲೇಬೇಕಾಗಿದೆ. 2023ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ ಪ್ರಕರಣ ಬೆಳಕಿಗೆ ಬಂದು ಬಂಧನಗಳಾದವು. ಮಲದ ಗುಂಡಿಗೆ ಮನುಷ್ಯರನ್ನು ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆಯೇ ನಿಷೇಧಿಸಿರುವ ದೇಶದಲ್ಲಿ, ಓದಲು ಬಂದ ಮಕ್ಕಳ ಕೈಯಲ್ಲಿ ಆ ಕೆಲಸ ಮಾಡಿಸಲಾಗಿತ್ತು. ಜಪಾನಿನ ಶಾಲೆಯಲ್ಲಿ ಪೊರಕೆ ಎಲ್ಲರ ಕೈಗೂ ಹೋಗುತ್ತದೆ. ನಮ್ಮಲ್ಲಿ ಪೊರಕೆ ಯಾರ ಕೈಗೆ ಮೊದಲು ಹೋಗುತ್ತದೆ ಎಂಬುದನ್ನು ಜಾತಿ ತೀರ್ಮಾನಿಸುತ್ತದೆ, ಅದು ಬಿಟ್ಟರೆ ಹೆಣ್ಣುಮಕ್ಕಳು ಎಂಬ ಕಾರಣ ತೀರ್ಮಾನಿಸುತ್ತದೆ. ತರಗತಿ ಗುಡಿಸಲು ಹುಡುಗಿಯರು, ಮೇಜು ಹೊರಲು ಹುಡುಗರು ಎಂಬ ಹಂಚಿಕೆಯನ್ನು ನೀವು ಯಾವ ಊರಿನಲ್ಲಿ ಕಂಡಿಲ್ಲ ಹೇಳಿ.

ಆದ್ದರಿಂದ ಶೌಚಾಲಯದ ಕೆಲಸಕ್ಕೆ ಮಕ್ಕಳನ್ನು ಯಾವ ಕಾರಣಕ್ಕೂ ಹಚ್ಚಬಾರದು. ತರಗತಿ ಗುಡಿಸುವುದು, ಕಪ್ಪುಹಲಗೆ ಒರೆಸುವುದು, ಕೈತೋಟಕ್ಕೆ ನೀರುಣಿಸುವುದು ಇವುಗಳನ್ನು ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ ಸರದಿಯಲ್ಲಿ ಎಲ್ಲ ಹುಡುಗ ಹುಡುಗಿಯರಿಗೂ ಹಂಚಬೇಕು. ಸರದಿಯ ಪಟ್ಟಿಯಲ್ಲಿ ಶಿಕ್ಷಕರ ಹೆಸರೂ ಇರಬೇಕು, ಮುಖ್ಯ ಶಿಕ್ಷಕರ ಮಗ ಅದೇ ಶಾಲೆಯಲ್ಲಿ ಓದುತ್ತಿದ್ದರೆ ಅವನ ಹೆಸರೂ ಇರಬೇಕು. ಶಿಕ್ಷೆಯೆಂದು ಕಸ ಗುಡಿಸಲು ಕಳಿಸುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕು, ಏಕೆಂದರೆ ಗುಡಿಸುವ ಕೆಲಸವೇ ಅವಮಾನಕರವೆಂದು ಅದು ಇಡೀ ತರಗತಿಗೆ ಸಾರಿ ಹೇಳುತ್ತದೆ.

ನಮ್ಮ ರಾಜ್ಯದ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು 2023ರಲ್ಲಿ ಸರ್ಕಾರ ತೀರ್ಮಾನಿಸಿತು. ಬೆಳಗಿನ ಪ್ರಾರ್ಥನೆಯಲ್ಲಿ ಪ್ರತಿಯೊಬ್ಬ ವ್ಯಕ್ತಿಯ ಘನತೆಯ ಭರವಸೆಯನ್ನು ಒಟ್ಟಾಗಿ ಓದಿದ ಮಕ್ಕಳಿಗೆ ಹತ್ತೂವರೆ ಗಂಟೆಯ ಹೊತ್ತಿಗೆ ಅದರ ಅರ್ಥವನ್ನು ತೋರಿಸುವ ಕೆಲಸ ನಮ್ಮದು. ನಾನು ವಾರಕ್ಕೊಮ್ಮೆ ಒಂದು ಸಾಲನ್ನು ತೆಗೆದುಕೊಂಡು, ನಿನ್ನೆ ನಮ್ಮ ಶಾಲೆಯಲ್ಲಿ ಇದು ಎಲ್ಲಿ ಪಾಲನೆಯಾಯಿತು, ಎಲ್ಲಿ ಆಗಲಿಲ್ಲ ಎಂದು ಕೇಳುತ್ತೇನೆ. ಮಕ್ಕಳು ಕೊಡುವ ಉತ್ತರಗಳು ಬಹಳ ನೇರವಾಗಿರುತ್ತವೆ. ಕೇಳಿಸಿಕೊಳ್ಳುವ ಧೈರ್ಯ ಶಿಕ್ಷಕರಿಗೆ ಇರಬೇಕು.

ಬಸ್ ನಿರ್ವಾಹಕ, ಗ್ರಾಮಾಂತರ ಮಾರ್ಗ, ಧಾರವಾಡ ಜಿಲ್ಲೆ

ನಾನು ಶಿಕ್ಷಕನಲ್ಲ. ಆದರೆ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಮತ್ತು ಸಂಜೆ ಶಾಲೆ ಬಿಟ್ಟ ಮೇಲೆ ನಿಮ್ಮ ಮಕ್ಕಳೆಲ್ಲ ನನ್ನ ಬಸ್ಸಿನಲ್ಲಿರುತ್ತಾರೆ, ಆದ್ದರಿಂದ ನಾಲ್ಕು ಮಾತು ಬರೆಯುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸಿನಲ್ಲಿ ದಟ್ಟಣೆ ಹೆಚ್ಚಾಗಿದೆ. ಹಿರಿಯ ನಾಗರಿಕರಿಗೆಂದು ಬರೆದಿರುವ ಆಸನದಲ್ಲಿ ಹುಡುಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತಿರುತ್ತಾನೆ, ಕೋಲು ಹಿಡಿದ ಅಜ್ಜ ಅವನ ಪಕ್ಕದಲ್ಲಿಯೇ ಕಂಬ ಹಿಡಿದು ನಿಂತಿರುತ್ತಾರೆ. ನಾನು ಹೇಳಿದರೆ ಏಳುತ್ತಾನೆ, ಹೇಳದಿದ್ದರೆ ಇಲ್ಲ.

ಹುಡುಗರದ್ದೇ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಟಿಕೆಟ್ ಕೊಂಡ ಪ್ರಯಾಣಿಕರು ಪಾಸಿನ ಮಕ್ಕಳನ್ನು ಹೇಗೆ ನೋಡುತ್ತಾರೆಂಬುದನ್ನು ದಿನವೂ ಕಾಣುತ್ತೇನೆ. ಪಾಸಿನವರು ಹಿಂದೆ ಸರಿಯಿರಿ ಎಂದು ದೊಡ್ಡವರು ದಬಾಯಿಸುತ್ತಾರೆ. ಭಾರದ ಚೀಲ ಹೊತ್ತ ಹುಡುಗಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಪಾಸಿನ ಮಕ್ಕಳು ಮಾತ್ರ ಕಾಯುತ್ತಿರುವ ನಿಲುಗಡೆಯಲ್ಲಿ ಬಸ್ ನಿಲ್ಲದೆ ಹೋಗುವುದೂ ಉಂಟು. ಹೀಗೆ ತಳ್ಳಿಸಿಕೊಂಡು ಬೆಳೆದ ಮಗು ತನಗೆ ಆಸನ ಸಿಕ್ಕ ದಿನ ಅದನ್ನು ಬಿಟ್ಟುಕೊಡುವುದು ಸುಲಭವಲ್ಲ. ನಾನು ಪಾಸ್ ನೋಡುವಾಗ ಮಗುವಿನ ಹೆಸರನ್ನು ಓದಿ, ಆ ಹೆಸರಿನಿಂದಲೇ ಕರೆಯುತ್ತೇನೆ. ಹೆಸರು ಹಿಡಿದು ಕರೆದ ಹುಡುಗ ಬಾಗಿಲ ಮೆಟ್ಟಿಲಿನಲ್ಲಿ ನೇತಾಡುವುದನ್ನು ತಾನಾಗಿ ಬಿಡುತ್ತಾನೆ ಎಂಬುದು ನನ್ನ ಅನುಭವ.

ನಲಿ-ಕಲಿ ಶಿಕ್ಷಕಿ, ಎಚ್.ಡಿ. ಕೋಟೆ ತಾಲ್ಲೂಕು

ನಿರ್ವಾಹಕರ ಮಾತು ಓದಿ ಸಂತೋಷವಾಯಿತು. ಪುಟ್ಟ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಪದ್ಧತಿ ಆರಂಭವಾದದ್ದು 1995ರಲ್ಲಿ ನಮ್ಮದೇ ತಾಲ್ಲೂಕಿನಲ್ಲಿ. ಇದರಲ್ಲಿ ಶಿಕ್ಷಕಿಗೆ ಎತ್ತರದ ಕುರ್ಚಿಯಿಲ್ಲ, ಮಕ್ಕಳ ಗುಂಪಿನಲ್ಲಿ ನಾವೂ ನೆಲದ ಮೇಲೆಯೇ ಕೂರುತ್ತೇವೆ. ಆರಂಭದ ವರ್ಷಗಳಲ್ಲಿ ಊರಿನ ಕೆಲವು ಹಿರಿಯರಿಗೆ ಇದು ಹಿಡಿಸಿರಲಿಲ್ಲವಂತೆ, ಟೀಚರ್ ಕೆಳಗೆ ಕುಳಿತರೆ ಮಕ್ಕಳು ಮರ್ಯಾದೆ ಕೊಡುತ್ತಾರೆಯೇ ಎಂದು ಕೇಳುತ್ತಿದ್ದರಂತೆ. ನಾನು ಕಂಡಿರುವುದು ಇದಕ್ಕೆ ವಿರುದ್ಧವಾದದ್ದು. ನನ್ನ ಕಣ್ಣು ಮಗುವಿನ ಕಣ್ಣಿನ ಮಟ್ಟದಲ್ಲಿದ್ದಾಗ ಅದು ಗುಟ್ಟಿನ ಮಾತನ್ನೂ ಹೇಳುತ್ತದೆ. ಒಬ್ಬರು ಮಾತನಾಡುವಾಗ ಮತ್ತೊಬ್ಬರು ಕಾಯಬೇಕೆಂಬ ನಿಯಮ ನನಗೂ ಅನ್ವಯಿಸುವುದನ್ನು ನೋಡಿದ ಮೇಲೆ ಎರಡನೆಯ ತರಗತಿಯ ಮಗು ಒಂದನೆಯ ತರಗತಿಯ ಮಗುವಿಗೂ ಕಾಯುತ್ತದೆ. ಒಂದು, ಎರಡು, ಮೂರನೆಯ ತರಗತಿಯವರು ಒಟ್ಟಿಗೆ ಕಲಿಯುವುದರಿಂದ ಕಿರಿಯರನ್ನು ನೋಡಿಕೊಳ್ಳುವ ಅಭ್ಯಾಸ ತಾನಾಗಿ ಬರುತ್ತದೆ. ನಾಲ್ಕನೆಯ ತರಗತಿಗೆ ಹೋಗಿ ಬೆಂಚಿನ ಸಾಲಿನಲ್ಲಿ ಕುಳಿತ ಮೇಲೆ ಈ ಅಭ್ಯಾಸ ಏಕೆ ಸವೆಯುತ್ತದೆ ಎಂಬುದನ್ನು ಹಿರಿಯ ತರಗತಿಯ ಶಿಕ್ಷಕರು ಯೋಚಿಸಬೇಕೆಂದು ನನ್ನ ಮನವಿ.

ತಾಯಿ, ಬೆಂಗಳೂರು

ಖಾಸಗಿ ಶಾಲೆಗಳಲ್ಲಿಯೂ ಪರಿಸ್ಥಿತಿ ಭಿನ್ನವಾಗಿಲ್ಲ. ನನ್ನ ಮಗಳಿಗೆ ಶಾಲೆಯ ವ್ಯಾನ್ ಚಾಲಕರ ಹೆಸರು, ಕಾವಲುಗಾರರ ಹೆಸರು, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಆಯಾ ಅವರ ಹೆಸರು ತಿಳಿದಿರಬೇಕೆಂದು ನಾನು ಒತ್ತಾಯಿಸುತ್ತೇನೆ. ಹೆಸರೇ ತಿಳಿಯದವರನ್ನು ಗೌರವಿಸುವುದು ಮಗುವಿಗೆ ಕಷ್ಟ. ಆದರೆ ಹಾಸನದ ಮೇಡಂ ಅವರಿಗೆ ಒಂದು ಪ್ರಶ್ನೆ: ಅಡುಗೆಯವರನ್ನು ಗದರಿದ ಹುಡುಗನನ್ನು ನೀವು ಕಂಡಾಗ ಆ ಕ್ಷಣದಲ್ಲಿ ಏನು ಮಾಡುತ್ತೀರಿ? ಎಲ್ಲರೆದುರಿಗೆ ಬೈದರೆ ನಾವು ಬೇಡವೆನ್ನುವ ಅವಮಾನವನ್ನೇ ಅವನಿಗೆ ಮಾಡಿದಂತಾಗುತ್ತದೆ, ಸುಮ್ಮನಿದ್ದರೆ ಆ ಅಡುಗೆಯಮ್ಮನಿಗೆ ಅನ್ಯಾಯವಾಗುತ್ತದೆ.

ಪ್ರೌಢಶಾಲಾ ಶಿಕ್ಷಕಿ, ಹಾಸನ ಜಿಲ್ಲೆ

ಬಹಳ ಮುಖ್ಯವಾದ ಪ್ರಶ್ನೆ, ಅದಕ್ಕೇ ಮೊದಲು ಉತ್ತರಿಸುತ್ತೇನೆ. ಆ ಕ್ಷಣದಲ್ಲಿ ನಾನು ಅವನಿಗೆ ಏನೂ ಹೇಳುವುದಿಲ್ಲ. ಸಾಲಿನಲ್ಲಿ ಅವನ ಹಿಂದೆ ನಾನೂ ತಟ್ಟೆ ಹಿಡಿದು ನಿಂತು, ಅಡುಗೆಯಮ್ಮನಿಗೆ ನಮಸ್ಕಾರ ಹೇಳಿ, ಅವರ ಹೆಸರು ಹಿಡಿದು 'ಅಮ್ಮಾ, ನನಗೆ ಸ್ವಲ್ಪ ಸಾರು ಹಾಕಿ' ಎಂದು ಕೇಳುತ್ತೇನೆ. ಊಟವಾದ ಮೇಲೆ ಹುಡುಗನನ್ನು ಒಬ್ಬನನ್ನೇ ಕರೆದು, ಅವನು ಆಡಿದ ಮಾತನ್ನು ಅವನಿಂದಲೇ ಹೇಳಿಸುತ್ತೇನೆ. ಹೆಚ್ಚಿನ ಮಕ್ಕಳಿಗೆ ಅದನ್ನು ಎರಡನೆಯ ಸಲ ಬಾಯಿಬಿಟ್ಟು ಹೇಳಲು ಆಗುವುದೇ ಇಲ್ಲ. ಕ್ಷಮೆ ಕೇಳೆಂದು ಒತ್ತಾಯಿಸುವುದಿಲ್ಲ, ಏಕೆಂದರೆ ಒತ್ತಾಯದ ಕ್ಷಮೆಯನ್ನು ಕೇಳಿಸಿಕೊಳ್ಳುವ ಮುಜುಗರವೂ ಆ ತಾಯಿಯ ಪಾಲಿಗೇ ಬರುತ್ತದೆ. ಮರುದಿನ ಅಡುಗೆಮನೆಯಲ್ಲಿ ತರಕಾರಿ ಎಷ್ಟು ಬಂದಿದೆ, ಅಕ್ಕಿ ಎಷ್ಟು ಅಳೆಯುತ್ತಾರೆ, ಒಲೆ ಎಷ್ಟು ಹೊತ್ತಿಗೆ ಹಚ್ಚುತ್ತಾರೆ ಎಂಬುದನ್ನು ಕೇಳಿ ಬರೆದುಕೊಂಡು ಬಂದು ತರಗತಿಯಲ್ಲಿ ಓದಬೇಕೆಂದು ಅವನಿಗೆ ಕೆಲಸ ಒಪ್ಪಿಸುತ್ತೇನೆ. ಇದನ್ನು ಶಿಕ್ಷೆಯೆಂದು ಯಾರೂ ತಿಳಿಯಬಾರದೆಂದು ಬೇರೆ ಮಕ್ಕಳಿಗೂ ಸರದಿಯಲ್ಲಿ ಕೊಡುತ್ತೇನೆ.

ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಬಿಸಿಯೂಟದಲ್ಲಿ ಇದೆ. ಬಹಳ ಕಡೆ ಅದು ಪುಸ್ತಕದಲ್ಲಿ ಸಹಿ ಹಾಕುವುದಕ್ಕೆ ಮುಗಿದುಹೋಗುತ್ತದೆ. ಅದನ್ನು ಮಕ್ಕಳ ಎದುರಿಗೆ, ಅದೇ ಪಂಕ್ತಿಯಲ್ಲಿ ಕುಳಿತು ಮಾಡುವುದಕ್ಕೆ ಯಾವ ಆದೇಶವೂ ಬೇಕಿಲ್ಲ. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಗ್ರಾಮವೊಂದರಲ್ಲಿ ದಲಿತ ಮಹಿಳೆಯನ್ನು ಮುಖ್ಯ ಅಡುಗೆಯವರಾಗಿ ನೇಮಿಸಿದ ನಂತರ ಪೋಷಕರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದ ಸುದ್ದಿಯನ್ನು ನೀವು ಓದಿರುತ್ತೀರಿ. ಆ ಮಕ್ಕಳು ತಾವಾಗಿ ಊಟ ಬೇಡವೆಂದಿರಲಾರರು. ಇಂಥ ಊರುಗಳಲ್ಲಿ ಊರಿನವರ ಮನಸ್ಸು ಬದಲಾಗುವವರೆಗೆ ಶಿಕ್ಷಕರು ಕಾಯುತ್ತ ಕೂರುವಂತಿಲ್ಲ. ಮೊದಲ ತಟ್ಟೆಯನ್ನು ಶಿಕ್ಷಕರೇ ಹಿಡಿಯಬೇಕು.

ಶಿರಸಿಯ ಗುರುಗಳು ಹೇಳಿದ ಮಾತನ್ನು ಒಪ್ಪುತ್ತೇನೆ, ಎದ್ದು ನಿಂತು ನಮಸ್ಕರಿಸುವುದನ್ನು ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಆ ನಮಸ್ಕಾರ ಅಂಚೆಯವರು ತರಗತಿಯ ಬಾಗಿಲಿಗೆ ಬಂದಾಗಲೂ, ಹಾಲಿನ ಪುಡಿ ಕದಡುವ ಅಕ್ಕ ಒಳಗೆ ಬಂದಾಗಲೂ ಸಲ್ಲಬೇಕೆಂಬುದಷ್ಟೇ ನನ್ನ ಕೋರಿಕೆ. ಕಲಬುರಗಿಯ ತಂಗಿ ಬರೆದ ವಿದ್ಯಾರ್ಥಿವೇತನದ ವಿಷಯವನ್ನು ಮುಂದಿನ ಸಮಾಲೋಚನಾ ಸಭೆಯಲ್ಲಿ ನಮ್ಮ ಕ್ಲಸ್ಟರ್‌ನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಶಿಕ್ಷಕರ ಮುಂದೆ ಇಡುತ್ತೇನೆ. ಮಂಡ್ಯದ ಎಸ್‌ಡಿಎಂಸಿ ಸದಸ್ಯರು ತಮ್ಮ ಸಭೆಯಲ್ಲಿ ಅಡುಗೆ ಸಿಬ್ಬಂದಿಗೂ ಕುರ್ಚಿ ಹಾಕಿಸಿ, ಅವರ ಮಾತನ್ನು ನಡಾವಳಿಯಲ್ಲಿ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ.

ಪೋಷಕ ಹಾಗೂ ಎಸ್‌ಡಿಎಂಸಿ ಸದಸ್ಯ, ಮಂಡ್ಯ ಜಿಲ್ಲೆ

ಖಂಡಿತವಾಗಿ ಮಾಡಿಸುತ್ತೇನೆ, ಮೇಡಂ. ಕೋಲಾರದ ಸರ್ ಹೇಳಿದಂತೆ ಗುಡಿಸುವ ಸರದಿಯ ಪಟ್ಟಿಯನ್ನೂ ಅದೇ ಸಭೆಯಲ್ಲಿ ಇಡುತ್ತೇನೆ. ಶೌಚಾಲಯದ ಸ್ವಚ್ಛತೆಗೆ ಪ್ರತ್ಯೇಕ ಕೆಲಸಗಾರರನ್ನು ನೇಮಿಸಲು ಗ್ರಾಮ ಪಂಚಾಯಿತಿಗೆ ಮನವಿ ಕೊಡುವ ವಿಷಯವನ್ನು ಅದರ ಜೊತೆಗೇ ಸೇರಿಸುತ್ತೇನೆ.